ಪಾಸಾದರೂ ನಿದ್ದೆ ಬರಲಿಲ್ಲ

ಹಾಲಿನಲ್ಲಿ ಉಳಿದ ಔಷಧದ ಅಂಶ ಅಳೆಯುವುದು ನನ್ನ ಕೆಲಸ, ಮೈಸೂರಿನ ಒಂದು ಲ್ಯಾಬಿನಲ್ಲಿ. ಅಳೆಯುವ ನಮಗೂ ಪರೀಕ್ಷೆ ಇದೆ. ಪ್ರೊಫಿಷಿಯೆನ್ಸಿ ಟೆಸ್ಟಿಂಗ್, ನಮ್ಮ ಬಾಯಲ್ಲಿ ಪಿಟಿ. ಒಂದೇ ಹಾಲನ್ನು ಹತ್ತಾರು ಲ್ಯಾಬಿಗೆ ಕಳಿಸುತ್ತಾರೆ. ಸರಿ ಅಂತ ಇಟ್ಟುಕೊಂಡ ಅಂಕಿಯಿಂದ ನಾವೆಷ್ಟು ದೂರ ಅನ್ನುವುದನ್ನು ಝಡ್ ಸ್ಕೋರ್ ಹೇಳುತ್ತದೆ. 2ರ ಒಳಗಿದ್ದರೆ ಪಾಸ್, 3 ಮುಟ್ಟಿದರೆ ಫೇಲ್.

ಕಳೆದ ಸಲ ಆಕ್ಸಿಟೆಟ್ರಾಸೈಕ್ಲಿನ್ ಬಂದಿತ್ತು, ಹಸುಗಳಿಗೂ ಕೊಡುವ ಒಂದು ಆ್ಯಂಟಿಬಯಾಟಿಕ್. ಸರಿಯಾದ ಅಂಕಿ ಲೀಟರಿಗೆ 98 ಮೈಕ್ರೊಗ್ರಾಂ. ನಾವು ಕೊಟ್ಟದ್ದು 71. ಸ್ಕೋರ್ ಮೈನಸ್ 1.25. ಪಾಸ್! ಇಷ್ಟು ಸಣ್ಣ ಪ್ರಮಾಣಕ್ಕೆ ಸರಿಯಾದ ಅಂಕಿಯ ಶೇ 22ರಷ್ಟು ದೂರವನ್ನು ಸ್ಕೋರಿನಲ್ಲಿ 1 ಅಂತ ಎಣಿಸುತ್ತಾರೆ, ಅದಕ್ಕೇ.

ಭಾನುವಾರ ಮದ್ದೂರಿನ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಹಸುವಿಗೆ ಕೆಚ್ಚಲು ಬಾವು ಬಂದು ಇಂಜೆಕ್ಷನ್ ಹಾಕಿಸಿದ್ದರು. ಚಿಕ್ಕಪ್ಪ ಆ ಹಾಲನ್ನು ಡೇರಿಗೆ ಹಾಕದೆ ಬೇರೆ ಬಕೆಟ್‌ನಲ್ಲಿ ಕರೆದು ಚೆಲ್ಲುತ್ತಿದ್ದರು. 'ನಿಮ್ ಲ್ಯಾಬು ಪಾಸಾಯ್ತೇನವ್ವ?' ಅಂದರು. ಹೂಂ ಅಂದೆ. ಆದರೆ ಆ ಬಕೆಟ್ ನೋಡುತ್ತಾ ಲೆಕ್ಕ ಹಾಕಿದೆ. ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ಹಾಕುವ ಕೋಡೆಕ್ಸ್‌ನ ಮಿತಿ ಲೀಟರಿಗೆ 100 ಮೈಕ್ರೊಗ್ರಾಂ. ಯಾರದ್ದೋ ಹಾಲಿನಲ್ಲಿ 120 ಇದ್ದರೆ ನಮ್ಮ ರಿಪೋರ್ಟಿನಲ್ಲಿ ಅದು 87 ಆಗುತ್ತದೆ. ಮಿತಿ ದಾಟಿದ ಹಾಲಿಗೆ ನಾವೇ ಸೈ ಅಂದಂತೆ, ಅಲ್ವಾ? ಇಲ್ಲಿ ಒಬ್ಬರು ದುಡ್ಡು ಕಳೆದುಕೊಂಡು ಹಾಲು ಚೆಲ್ಲುತ್ತಿದ್ದಾರೆ.

ನಮ್ಮ ಅಂಕಿ ಯಾಕೆ ಕಡಿಮೆ ಬರುತ್ತದೆ ಅಂತ ಸೋಮವಾರ ಹುಡುಕಿದೆ. ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಹಾಲಿನ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ, ಗಾಜಿಗೂ ಅಂಟುತ್ತದೆ. ಬಿಡಿಸಲು ಇಡಿಟಿಎ ಬಫರ್ ಅನ್ನುವ, ಕ್ಯಾಲ್ಸಿಯಂ ಹಿಡಿದುಕೊಳ್ಳುವ ದ್ರಾವಣ ಹಾಕುತ್ತೇವೆ. ಆದರೂ ಒಂದಷ್ಟು ಕಳೆದೇ ಹೋಗುತ್ತದೆ. ಹೋಲಿಸಿ ಅಳೆಯಲು ಬೇಕಾದ ಸ್ಟ್ಯಾಂಡರ್ಡನ್ನು, ಅಂದರೆ ಪ್ರಮಾಣ ಗೊತ್ತಿರುವ ಔಷಧವನ್ನು, ನಾವು ಎಲ್ಲ ಮುಗಿದ ಮೇಲೆ, ಕೊನೆಯ ದ್ರಾವಣಕ್ಕೆ ಸೇರಿಸುತ್ತಿದ್ದೆವು. ಹಾಗಾಗಿ ದಾರಿಯಲ್ಲಿ ಕಳೆದದ್ದು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಔಷಧವಿಲ್ಲದ ಹಾಲಿಗೆ ಮೊದಲೇ ಸ್ಟ್ಯಾಂಡರ್ಡ್ ಬೆರೆಸಿ, ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡಿ ನೋಡಿದೆ. ಉಳಿಸಿಟ್ಟಿದ್ದ ಅದೇ ಪಿಟಿ ಹಾಲು 95 ತೋರಿಸಿತು.

ಇನ್ನೊಂದು ಮಾತು ಹೇಳಲೇಬೇಕು. ಪಿಟಿ ಹಾಲು ಬಂದರೆ ನಾವು ಅದನ್ನು ಮನೆಗೆ ಬಂದ ನೆಂಟರ ಹಾಗೆ ನೋಡಿಕೊಳ್ಳುತ್ತೇವೆ. ಕೈ ಪಳಗಿದವರೇ ಮಾಡುತ್ತಾರೆ, ಮೂರು ಸಲ ಮಾಡುತ್ತಾರೆ. ದಿನದ ಹಾಲಿಗೆ ಒಂದೇ ಸಲ. ಹಾಗಿದ್ದರೆ ಆ ಸ್ಕೋರು ಯಾರದ್ದು?

ಈ ಸಲದ ಬಾಟಲಿ ನಿನ್ನೆ ಬಂತು. ಲೇಬಲ್ ತೆಗೆದು, ನಮ್ಮ ಮಾಮೂಲಿ ನಂಬರ್ ಬರೆದು, ಉಳಿದ ಹದಿನಾಲ್ಕರ ಜೊತೆ ಫ್ರೀಜರಿನಲ್ಲಿ ಇಟ್ಟಿದ್ದೇನೆ. ನಾಳೆ ಮಾಡುವ ಹುಡುಗನಿಗೆ ಯಾವುದು ಅಂತ ಹೇಳಿಲ್ಲ.