ಆ ಮುರಿದ ಹಲ್ಲು

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ‘ಡಂಬ್ ಅಂಡ್ ಡಂಬರ್’ ಹಾಕಿದೆ. 1994ರ ಹಾಲಿವುಡ್ ಹಾಸ್ಯ ಸಿನಿಮಾ, ಜಿಮ್ ಕ್ಯಾರಿ ಮತ್ತು ಜೆಫ್ ಡೇನಿಯಲ್ಸ್ ನಟಿಸಿದ್ದು.

ಹಿಮ ಹಿಡಿದ ಕಂಬಿಗೆ ಜೆಫ್ ಡೇನಿಯಲ್ಸ್ ನಾಲಿಗೆ ಅಂಟಿಕೊಂಡಿತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಸದ್ದಿಗೆ ಅಮ್ಮ ಎದ್ದು ಬಂದರು. ಏನು, ಎತ್ತ ಅಂತ ಕೇಳಲಿಲ್ಲ. ಪಕ್ಕದಲ್ಲಿ ಕೂತು ಅವರೂ ನಕ್ಕರು. ಇಂಗ್ಲಿಷ್ ಬೇಕಾಗಲೇ ಇಲ್ಲ.

ನನ್ನ ಕಣ್ಣು ಮಾತ್ರ ಜಿಮ್ ಕ್ಯಾರಿಯ ಮುಂದಿನ ಹಲ್ಲಿನ ಮೇಲೆ. ಅರ್ಧ ಮುರಿದಿದೆ. ಅದು ಮೇಕಪ್ ಅಲ್ಲ, ನಿಜವಾಗಿ ಮುರಿದ ಹಲ್ಲೇ. ಅದನ್ನು ಮುಚ್ಚೋಕೆ ಹಾಕಿಸಿದ್ದ ಹಲ್ಲಿನ ಕ್ಯಾಪ್ ತೆಗೆಸಿ ನಟಿಸಿದ್ದಾರೆ. ನಾವೆಲ್ಲ ಮುಚ್ಚಿಕೊಳ್ಳೋದನ್ನು ನಗಿಸೋಕೆ ಅಂತ ತೆರೆದು ತೋರಿಸೋದು ಎಷ್ಟು ದೊಡ್ಡ ಮನಸ್ಸು, ಅಲ್ವಾ? ಇಂಥ ಪೆದ್ದು ಹಾಸ್ಯ ನನಗೆ ತುಂಬಾ ಇಷ್ಟ.

ಬೆಳಿಗ್ಗೆ ಕಾಫಿ ಕೊಡುವಾಗಲೂ ಅಮ್ಮ ಆ ನಾಲಿಗೆ ನೆನೆಸಿಕೊಂಡು ನಕ್ಕರು.