ಕೌದಿಯ ಟಾಕಿ ಯಾರು ಹಾಕಬೇಕು?

ಧಾರವಾಡ, ಭಾನುವಾರ, 9 ಮಾರ್ಚ್ 2025

ಹಳೆಯ ಸೀರೆ, ಧೋತರಗಳ ಗಂಟು ಬಿಚ್ಚಿ ವಿಂಗಡಿಸಿದ್ದಾಯಿತು. ಎರಡು ಕೌದಿಗಳಿಗೆ ಸಾಕಾಗುವಷ್ಟು ಬಟ್ಟೆ ಸಿಕ್ಕಿದೆ. ಒಂದು ಇಬ್ಬರು ಹೊದೆಯುವಂಥ ದೊಡ್ಡದು, ಇನ್ನೊಂದು ಅಣ್ಣನ ಮಗಳ ಕೂಸಿಗಾಗಿ ತೊಟ್ಟಿಲಿಗೆ ಹಾಸುವ ಸಣ್ಣದು. ನನಗೆ ಹೊಲಿಗೆ ಬರುವುದಿಲ್ಲವೆಂದಲ್ಲ. ಆದರೂ ಇವುಗಳ ಟಾಕಿಯನ್ನು, ಅಂದರೆ ಕೈಹೊಲಿಗೆಯನ್ನು, ನಾನೇ ಹಾಕಿ ಮುಗಿಸಬೇಕೆ ಅಥವಾ ಪ್ರತಿ ಬೇಸಿಗೆಯಲ್ಲಿ ನಮ್ಮ ಓಣಿಗೆ ಬರುವ ಕೌದಿ ಹೊಲಿಯುವ ಹೆಣ್ಣುಮಕ್ಕಳಿಗೆ ಕೊಡಬೇಕೆ ಎಂಬುದನ್ನು ಇವತ್ತು ತೀರ್ಮಾನಿಸಲೇಬೇಕಿತ್ತು. ಅವರು ಬಂದು ಆಚೆಯ ಬಯಲಿನಲ್ಲಿ ಬಿಡಾರ ಹೂಡಿದ್ದಾರೆ; ಬೇರೆ ಮನೆಗಳ ಕೆಲಸ ಹಿಡಿದರೆಂದರೆ ನಮ್ಮ ಸರದಿ ಬರುವಷ್ಟರಲ್ಲಿ ಮಳೆಗಾಲ ಹತ್ತಿರವಾಗಿರುತ್ತದೆ.

ಅಮೆರಿಕದ ಓಹಾಯೋದಲ್ಲಿರುವ ತಂಗಿಗೆ ಇದು ಯೋಚಿಸುವ ವಿಷಯವೇ ಅಲ್ಲ. ಆಕೆ ಅಲ್ಲಿ ಕ್ವಿಲ್ಟ್ ಮಾಡುವುದನ್ನು ಕಲಿತಿದ್ದಾಳೆ. ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ ಮೇಲ್ಹಾಸನ್ನು ತಾನೇ ಸಿದ್ಧಪಡಿಸುತ್ತಾಳೆ. ಅದರ ಕೆಳಗೆ ಹತ್ತಿಯ ಪದರ, ಅದರ ಕೆಳಗೆ ಅಡಿಬಟ್ಟೆ ಇಟ್ಟು ಮೂರನ್ನೂ ಸೇರಿಸಿ ಹೊಲಿಯುವ ಕೆಲಸವನ್ನು ಲಾಂಗ್‌ಆರ್ಮ್ ಯಂತ್ರ ಇಟ್ಟುಕೊಂಡಿರುವ ವೃತ್ತಿಪರರಿಗೆ ಒಪ್ಪಿಸುತ್ತಾಳೆ. ಆ ಯಂತ್ರದಲ್ಲಿ ಬಟ್ಟೆಯನ್ನು ಉರುಳೆಗಳ ನಡುವೆ ಬಿಗಿದು ಕಟ್ಟುತ್ತಾರೆ, ಹೊಲಿಯುವ ಭಾಗವೇ ಹಳಿಗಳ ಮೇಲೆ ಅತ್ತಿತ್ತ ಓಡಾಡುತ್ತದೆ. ಕೂಲಿಯನ್ನು ಚದರ ಇಂಚಿನ ಲೆಕ್ಕದಲ್ಲಿ ಹಾಕುತ್ತಾರೆ. 60 ಇಂಚು ಅಗಲ, 80 ಇಂಚು ಉದ್ದದ ಕ್ವಿಲ್ಟ್ ಎಂದರೆ 4,800 ಚದರ ಇಂಚು. ಇಂಚಿಗೆ ಎರಡು ಸೆಂಟ್‌ನಂತೆ 96 ಡಾಲರ್, ಹತ್ತಿಯ ಹಾಸು ಬೇರೆ. ಯಂತ್ರಕ್ಕೆ ಬಿಗಿಯಲು ಅಡಿಬಟ್ಟೆ ಎಲ್ಲ ಬದಿಗೂ ನಾಲ್ಕು ಇಂಚು ಹೆಚ್ಚಾಗಿರಬೇಕೆಂಬ ಕರಾರೂ ಉಂಟು.

ಯಾರು ಹೊಲಿಯಬೇಕು, ಹೇಗೆ ಹೊಲಿಯಬೇಕು ಎಂಬ ಪ್ರಶ್ನೆಗೆ ಆ ದೇಶದಲ್ಲಿ ದೊಡ್ಡ ಚರಿತ್ರೆಯೇ ಇದೆ. ಕೈಯಿಂದ ಹಾಕಿದ ಹೊಲಿಗೆಯೇ ನಿಜವಾದ ಹೊಲಿಗೆ ಎಂದು ನಂಬಿದ್ದವರ ನಡುವೆ, 1989ರಲ್ಲಿ ಕೆಂಟಕಿ ರಾಜ್ಯದ ಪಡೂಕಾ ನಗರದ ಪ್ರದರ್ಶನದಲ್ಲಿ ಕ್ಯಾರಿಲ್ ಬ್ರೈಯರ್ ಫ್ಯಾಲರ್ಟ್ ಅವರ ಯಂತ್ರದ ಹೊಲಿಗೆಯ ಕ್ವಿಲ್ಟ್ ಅತ್ಯುತ್ತಮವೆಂಬ ಬಹುಮಾನ ಪಡೆದಾಗ ಸಾಕಷ್ಟು ಗದ್ದಲವಾಯಿತು. ಈಗ ಅನೇಕ ಸ್ಪರ್ಧೆಗಳಲ್ಲಿ ಒಬ್ಬರೇ ಮಾಡಿದ್ದಕ್ಕೆ ಒಂದು ವಿಭಾಗ, ಇಬ್ಬರು ಸೇರಿ ಮಾಡಿದ್ದಕ್ಕೆ ಇನ್ನೊಂದು ವಿಭಾಗ ಇರುತ್ತದೆ. ತುಂಡು ಕೂಡಿಸಿದವರ ಹೆಸರಿನ ಜೊತೆಗೆ ಹೊಲಿದವರ ಹೆಸರನ್ನೂ ಬರೆಯುತ್ತಾರೆ. ಕೈಹೊಲಿಗೆಯನ್ನು ಕೂಲಿಗೆ ಮಾಡಿಕೊಡುವ ಆಮಿಶ್ ಎಂಬ ಸಾಂಪ್ರದಾಯಿಕ ಕ್ರೈಸ್ತ ಪಂಗಡದ ಹೆಂಗಸರು ಬಳಸಿದ ದಾರದ ಗಜಕ್ಕೆ ಇಷ್ಟೆಂದು ಹಣ ಪಡೆಯುವುದುಂಟು ಎಂದು ತಂಗಿಯಿಂದ ಕೇಳಿದಾಗ ನನಗೆ ಆ ಲೆಕ್ಕ ಬಹಳ ಹಿಡಿಸಿತು. ಹೊಲಿಗೆ ಒತ್ತಾಗಿದ್ದಷ್ಟೂ ದಾರ ಹೆಚ್ಚು, ದಾರ ಹೆಚ್ಚಿದಷ್ಟೂ ಕೂಲಿ ಹೆಚ್ಚು.

ಆದರೆ ತಂಗಿಯ ಉಪಾಯ ಕೌದಿಗೆ ಹೊಂದುವುದಿಲ್ಲ. ಕ್ವಿಲ್ಟಿನಲ್ಲಿ ಮೇಲ್ಹಾಸು ಒಂದು ಕೆಲಸ, ಪದರ ಕೂಡಿಸುವುದು ಇನ್ನೊಂದು ಕೆಲಸ; ಮೊದಲನೆಯದು ಮುಗಿದ ಮೇಲೆ ಎರಡನೆಯದನ್ನು ಬೇರೆಯವರ ಕೈಗೆ ಕೊಡಬಹುದು. ಕೌದಿಯಲ್ಲಿ ಹಾಗೆ ಗೆರೆ ಎಳೆಯಲು ಜಾಗವಿಲ್ಲ. ಅಡಿಗೊಂದು ಸೀರೆ ಹಾಸಿ, ಅದರ ಮೇಲೆ ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹರಡಿ, ಮೇಲೆ ತ್ಯಾಪೆಯ, ಅಂದರೆ ತೇಪೆಯ, ತುಂಡುಗಳನ್ನು ಇಡುತ್ತಾ ಅಂಚಿನಿಂದ ನಡುವಿನ ಕಡೆಗೆ ಸುತ್ತುಸುತ್ತಾಗಿ ಟಾಕಿ ಹಾಕಿಕೊಂಡು ಹೋಗುತ್ತಾರೆ. ತ್ಯಾಪೆಯನ್ನು ಹಿಡಿದಿಡುವುದೂ ಪದರಗಳನ್ನು ಒಂದುಮಾಡುವುದೂ ಅದೇ ಟಾಕಿ. ತುಂಡುಗಳನ್ನು ನಾನು ಜೋಡಿಸಿ ಕೊಟ್ಟರೆ ಉಳಿದದ್ದನ್ನು ಮಾಡಿಕೊಡುವಿರಾ ಎಂದು ಬೆಳಿಗ್ಗೆ ಬಿಡಾರದ ಹಿರಿಯಾಕೆಯನ್ನು ಕೇಳಿದೆ. ಆಕೆ ನನ್ನನ್ನು ಸ್ವಲ್ಪ ಕನಿಕರದಿಂದಲೇ ನೋಡಿ, "ತ್ಯಾಪಿ ನೀವು ಹಚ್ಚಿ ಟಾಕಿ ನಾವು ಹಾಕೂದಂದ್ರ ಹೆಂಗ್ರಿ ಅಕ್ಕಾರ? ತ್ಯಾಪಿ ಕುಂದರಸೂದ ಟಾಕೀಲೆರಿ" ಎಂದಳು. ಅಲ್ಲಿಗೆ ಅರ್ಧ ನಾನು, ಅರ್ಧ ಅವರು ಎಂಬ ನಡುದಾರಿ ಮುಚ್ಚಿತು. ಕೊಟ್ಟರೆ ಇಡಿಯಾಗಿ ಕೊಡಬೇಕು, ಇಲ್ಲವೇ ಇಡಿಯಾಗಿ ನಾನೇ ಕೂರಬೇಕು.

ಪಕ್ಕದಲ್ಲಿಯೇ ಆಕೆಯ ಸೊಸೆ ಯಾರದೋ ಮನೆಯ ಕೌದಿ ಹೊಲಿಯುತ್ತಿದ್ದಳು. ನೆಲದ ಮೇಲೆ ಹರಡಿದ ಬಟ್ಟೆಯ ಮೇಲೆ ಒಂದು ಮೊಣಕಾಲು ಊರಿ ಕುಳಿತು, ಎಡಗೈ ಅಂಗೈಯಿಂದ ಪದರಗಳನ್ನು ತನ್ನತ್ತ ಸವರಿ ಸುಕ್ಕು ತೆಗೆಯುತ್ತಾ, ಬಲಗೈ ಸೂಜಿಗೆ ನಾಲ್ಕೈದು ಟಾಕಿಗಳನ್ನು ಒಟ್ಟಿಗೇ ಏರಿಸಿಕೊಂಡು ಒಮ್ಮೆಲೇ ದಾರ ಎಳೆಯುತ್ತಿದ್ದಳು. ಒಂದೊಂದು ಟಾಕಿಯೂ ಅಕ್ಕಿಕಾಳಿನಷ್ಟು. ಸಾಲಿಗೂ ಸಾಲಿಗೂ ನಡುವೆ ಕಿರುಬೆರಳಿನ ಅಗಲ. ಇಳಕಲ್ ಸೀರೆಯ ತುಂಡು ಬಂದಾಗ ಒಡಲಿಗೆ ಕೊಂಡಿ ಹಾಕಿ ಕೂಡಿಸಿದ ರೇಷ್ಮೆಯ ಸೆರಗನ್ನು ಕತ್ತರಿಸಿ ಬದಿಗಿಟ್ಟಳು, ಹತ್ತಿಯ ಒಡಲನ್ನಷ್ಟೇ ಇಟ್ಟುಕೊಂಡಳು. ರೇಷ್ಮೆ ಬೇಗ ಸವೆದು ಸೀಳುತ್ತದೆ, ಹತ್ತಿಯೊಂದಿಗೆ ಸಮನಾಗಿ ಬಾಳುವುದಿಲ್ಲ. ಬಟ್ಟೆಯನ್ನು ನೋಡಿ ಆರಿಸುವ ಈ ತಿಳಿವಳಿಕೆಯೂ ಕೂಲಿಯ ಭಾಗವೆಂಬುದನ್ನು ಚೌಕಾಶಿ ಮಾಡುವಾಗ ನಾವು ಮರೆಯುತ್ತೇವೆ.

ಯಂತ್ರದಲ್ಲಿ ಹೊಲಿಸಿಬಿಡು ಎಂದು ಸಲಹೆ ಕೊಟ್ಟವರೂ ಇದ್ದಾರೆ. ಮನೆಯ ಹೊಲಿಗೆ ಯಂತ್ರದ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಮುಂದೆ ತಳ್ಳುತ್ತವೆಯೇ ಹೊರತು ಮೇಲಿನದನ್ನಲ್ಲ. ಪದರ ಐದಾರಾದಾಗ ಮೇಲಿನ ಬಟ್ಟೆ ಹಿಂದೆ ಉಳಿದು ಗುಡ್ಡೆಯಾಗುತ್ತದೆ. ಜೊತೆಗೆ ಸೂಜಿಗೂ ಯಂತ್ರದ ಕಂಬಕ್ಕೂ ನಡುವೆ ಗೇಣು ಜಾಗವೂ ಇಲ್ಲದಿರುವಾಗ ಸುತ್ತಿದ ಕೌದಿಯನ್ನು ಅಲ್ಲಿ ತೂರಿಸುವುದೇ ಒಂದು ಸಾಹಸ. ದರ್ಜಿಗಳು ಇದಕ್ಕೆ ಕಂಡುಕೊಂಡ ದಾರಿಯೆಂದರೆ ಪದರ ಕಡಿಮೆ ಮಾಡಿ ಸಾಲುಗಳನ್ನು ದೂರದೂರ ಹಾಕುವುದು. ಅಂಥ ಕೌದಿ ಅಗ್ಗ, ಬೇಗ ಸಿಗುತ್ತದೆ. ಆದರೆ ಕಲ್ಲಿಗೆ ಹಾಕಿ ನಾಲ್ಕು ಸಲ ಒಗೆದರೆ ಒಳಗಿನ ಬಟ್ಟೆ ಸರಿದು ಮೂಲೆಗೆ ಮುದ್ದೆಯಾಗುತ್ತದೆ. ನನಗೆ ಅದು ಬೇಡ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡಿದ್ದವು. ಅವುಗಳಲ್ಲಿಯೂ ಹೊಲಿಗೆ ಹೊರಗಿನಿಂದ ಒಳಕ್ಕೆ ಸಾಗುತ್ತದೆ, ಮತ್ತು ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ಹೂವು ಕೂರಿಸದ ಹೊರತು ಕೌದಿ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ಕೌದಿ ಎಲ್ಲಿ ಮುಗಿಯುತ್ತದೆಂಬುದನ್ನು ಅಲ್ಲಿ ಹೊಲಿದಾಕೆಯೇ ಹೇಳಬೇಕು. ನನ್ನಂತೆ ಬಟ್ಟೆ ಒದಗಿಸಿದವರು ಹೇಳುವಂತಿಲ್ಲ.

ಇನ್ನು ಹಣದ ಮಾತು. ದೊಡ್ಡ ಕೌದಿಗೆ ಇಬ್ಬರು ಕುಳಿತರೂ ನಾಲ್ಕು ದಿನ ಬೇಕು ಎಂದು ಅವರೇ ಹೇಳಿದರು, ಅಂದರೆ ಎಂಟು ಆಳಿನ ಕೆಲಸ. ಉದ್ಯೋಗ ಖಾತರಿಯಲ್ಲಿ ಮಣ್ಣು ಹೊರುವವರಿಗೆ 2024-25ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 349 ರೂಪಾಯಿ ನಿಗದಿಯಾಗಿತ್ತು. ಆ ದರದಲ್ಲಿಯೇ ಹಿಡಿದರೂ 2,792 ರೂಪಾಯಿ ಆಗುತ್ತದೆ, ಮತ್ತು ಹೊಲಿಗೆಯ ಕಸುಬು ಅದಕ್ಕಿಂತ ಕಡಿಮೆಯದೆಂದು ಯಾರೂ ಹೇಳಲಾರರು. ಅವರು ಕೇಳಿದ್ದು ಇದಕ್ಕಿಂತ ಕಡಿಮೆ. ಓಣಿಯಲ್ಲಿ ಕೊಡುತ್ತಿರುವುದು ಇನ್ನೂ ಕಡಿಮೆ. ದಿನಗೂಲಿಯ ಮೇಲೆ ಮಾಡೋಣವೆಂದರೆ ಹಿರಿಯಾಕೆ ಒಪ್ಪಲಿಲ್ಲ: ನಡುವೆ ಸಂತೆಗೆ ಹೋಗಬೇಕು, ಮಕ್ಕಳನ್ನು ನೋಡಬೇಕು, ದಿನ ಎಣಿಸಿ ಕಾಯುವವರು ಬೇಡ, ಕೌದಿಗೆ ಇಷ್ಟು ಅಂತ ಗುತ್ತಿಗೆಯೇ ಇರಲಿ ಎಂದಳು. ಹಾಗಾದರೆ ಗುತ್ತಿಗೆಯ ಮೊತ್ತವನ್ನು ಎಂಟು ಆಳಿನ ಲೆಕ್ಕದಿಂದಲೇ ಕಟ್ಟಿ ಮೂರು ಸಾವಿರಕ್ಕೆ ಮುಗಿಸಿದೆ. ಓಣಿಯ ದರ ಕೆಡಿಸಿದೆನೆಂದು ಪಕ್ಕದ ಮನೆಯವರು ನಾಳೆ ಮಾತನಾಡಿಕೊಳ್ಳಲಿ.

ಹೀಗೆ ದೊಡ್ಡದು ಅವರಿಗೆ, ಸಣ್ಣದು ನನಗೆ ಎಂದಾಯಿತು. ದೊಡ್ಡ ಕೌದಿಯ ನಡುಭಾಗಕ್ಕೆ ಬಾಗಿ ಹೊಲಿಯುವುದು ನನ್ನ ಸೊಂಟಕ್ಕೆ ಆಗದ ಮಾತು, ಮತ್ತು ಅಷ್ಟು ಪದರದಲ್ಲಿ ನನ್ನ ಟಾಕಿ ಅಕ್ಕಿಕಾಳಿನಷ್ಟು ಸಣ್ಣದಾಗಿ ಬೀಳುವುದೂ ಇಲ್ಲ. ಕೂಸಿನದು ಮೂರೇ ಪದರ. ದಿನವೂ ಒಗೆದು ಒಣಗಿಸಬೇಕಾದ್ದರಿಂದ ತೆಳುವಾಗಿಯೇ ಇರಬೇಕು, ಮೊಣಕಾಲ ಮೇಲೆ ಇಟ್ಟುಕೊಂಡು ಸಂಜೆ ಹೊತ್ತು ಹೊಲಿಯಬಹುದು. ಅದಕ್ಕೆ ಮೆತ್ತಗಾದ ಧೋತರಗಳನ್ನೇ ಆರಿಸಿ ತೆಗೆದಿದ್ದೇನೆ.

ಮಂಗಳವಾರ ಅವರು ನಮ್ಮ ಮಾಳಿಗೆಯ ಮೇಲೆ ಕೆಲಸ ಆರಂಭಿಸುತ್ತಾರೆ. ಮುಂಗಡವೆಂದು ಸಾವಿರ ರೂಪಾಯಿ ಕೊಟ್ಟಿದ್ದೇನೆ. ದಾರ, ಮಧ್ಯಾಹ್ನದ ಊಟ, ಚಹಾ ನಮ್ಮದು. ಬಿಳಿಯ ದಾರವೇ ಸಾಕೆಂದು ನಾನೆಂದರೆ, ಬಿಳಿಯದು ಬೇಗ ಮಾಸುತ್ತದೆ, ಕೆಂಪು ತನ್ನಿ ಎಂದು ಸೊಸೆ ಹೇಳಿದಳು. ನಾಳೆ ಪೇಟೆಗೆ ಹೋಗಿ ಕೆಂಪು ದಾರವನ್ನೇ ತರಬೇಕು.