ಎಂಬತ್ನಾಲ್ಕು ಮೇಷ್ಟ್ರು ಮತ್ತು ಎಳನೀರು ಕೇಸು

ನಮ್ಮ ಕ್ರಿಮಿನಲ್ ಲಾ ಮೇಷ್ಟ್ರು ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಯಾರೂ ಅವರ ಹೆಸರು ಬರೆಯಲಿಲ್ಲ. "ಎಂಬತ್ನಾಲ್ಕು ಹೋಗಿಬಿಟ್ಟರಾ?" ಅಂತಲೇ ಕೇಳಿದರು. ಬುದ್ಧಿ ಸ್ವಾಧೀನದಲ್ಲಿಲ್ಲದವನು ಮಾಡಿದ್ದು ಅಪರಾಧವಲ್ಲ ಅನ್ನೋ ಐಪಿಸಿ (ಭಾರತೀಯ ದಂಡ ಸಂಹಿತೆ) 84ನೇ ಸೆಕ್ಷನ್ ಅಂದರೆ ಅವರಿಗೆ ಅಷ್ಟು ಪ್ರೀತಿ. ತಡವಾಗಿ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ "ಏನಪ್ಪಾ, ಎಂಬತ್ನಾಲ್ಕಾ?" ಅನ್ನುತ್ತಿದ್ದರು. ಡಾಕ್ಟರ ಚೀಟಿ ಇದ್ದರೆ ಸಾಲದು, ಆ ಗಳಿಗೆಯಲ್ಲಿ ತಾನೇನು ಮಾಡುತ್ತಿದ್ದೇನೆ ಅಂತಲೋ ಅದು ತಪ್ಪು ಅಂತಲೋ ತಿಳಿಯುವ ಶಕ್ತಿಯೇ ಅವನಿಗೆ ಇರಲಿಲ್ಲ ಅಂತ ತೋರಿಸಬೇಕು, ಅದೂ ಆರೋಪಿಯೇ ತೋರಿಸಬೇಕು ಅನ್ನೋದನ್ನು ಮೂರು ವರ್ಷ ನಮ್ಮ ತಲೆಗೆ ತುಂಬಿದರು.

ಉಳಿದ ಸಿಲಬಸ್ ಏನಿತ್ತೋ ನೆನಪಿಲ್ಲ. ಎಳನೀರು ಕೇಸು ಮಾತ್ರ ಚೆನ್ನಾಗಿ ನೆನಪಿದೆ.

ಹಾಸ್ಟೆಲ್ ಹಿಂದಿನ ತೋಟಕ್ಕೆ ನಮ್ಮವರು ರಾತ್ರಿ ನುಗ್ಗಿದ್ದರು. ಮರ ಹತ್ತಿದವನು ತಿಪಟೂರಿನವನು, ಬೇರೆ ಯಾರಿಗೆ ಬರುತ್ತೆ ಅದು? ಗುಬ್ಬಿಯವನು ಬೇಲಿ ಹತ್ತಿರ ಕಾವಲು. ಬೆಳಿಗ್ಗೆ ತೋಟದ ಯಜಮಾನರು ಖಾಲಿ ಬುರುಡೆಗಳನ್ನು ಚೀಲದಲ್ಲಿ ತಂದು ಮೇಷ್ಟ್ರ ಮುಂದೆ ಸುರಿದರು. ಮೇಷ್ಟ್ರು ಬೈಯಲಿಲ್ಲ. ಕ್ಲಾಸನ್ನೇ ಕೋರ್ಟ್ ಮಾಡಿದರು. ಆರೋಪಿಗಳ ವಕೀಲ ನಾನು. (ಆಗಲೇ ನನಗೆ ಬಾಯಿ ಜೋರು ಅಂತ ಹೆಸರಿತ್ತು.)

ಹಸಿವು ತಡೆಯಲಾಗದೆ ಕಿತ್ತರು, ದೊಡ್ಡ ಕೇಡು ತಪ್ಪಿಸೋಕೆ ಮಾಡಿದ್ದಕ್ಕೆ ವಿನಾಯಿತಿ ಕೊಡೋ 81ನೇ ಸೆಕ್ಷನ್ ಅಂದೆ. 1884ರಲ್ಲಿ ಹಡಗು ಮುಳುಗಿ, ಹಸಿವಿಗೆ ಜೊತೆಯ ಹುಡುಗನನ್ನೇ ಕೊಂದು ತಿಂದ ಇಂಗ್ಲೆಂಡಿನ ನಾವಿಕರನ್ನೂ ಕೋರ್ಟು ಕೊಲೆಗಾರರು ಅಂದಿತು, ನಿಮಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಗಿದುಹೋಗಿತ್ತಾ ಅಂದರು ಮೇಷ್ಟ್ರು. 95, ತೀರಾ ಸಣ್ಣ ವಿಷಯ ಅಂದೆ. "ಎರಡು ಗೊನೆನಾ?" ಕೊನೆಗೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ. ಕಳ್ಳತನಕ್ಕೆ ಚರ ಆಸ್ತಿ ಬೇಕು, ಮರದಲ್ಲಿರೋ ಕಾಯಿ ಚರ ಆಸ್ತಿ ಅಲ್ಲ ಅಲ್ವಾ ಸಾರ್? ಮೇಷ್ಟ್ರು ಕನ್ನಡಕ ತೆಗೆದು ನಕ್ಕರು. "ಕುಡುಗೋಲು ಬಿದ್ದ ಮೇಲೆ?" ಮರದಿಂದ ಬೇರ್ಪಟ್ಟ ಕಾಯಿ ಚರ ಆಸ್ತಿಯೇ, ಅಲ್ಲಿಗೆ ಮುಗಿಯಿತು. ನಾನು ಸುಮ್ನೆ ನಿಂತಿದ್ದೆ ಅಂದ ಗುಬ್ಬಿಯವನಿಗೆ, ಒಂದೇ ಉದ್ದೇಶದಿಂದ ಸೇರಿ ಮಾಡಿದರೆ ಎಲ್ಲರೂ ಹೊಣೆ ಅನ್ನೋ 34ನೇ ಸೆಕ್ಷನ್ ತಗುಲಿತು. ಕಲ್ಕತ್ತೆಯ ಶಂಕರಿತೋಲಾ ಅಂಚೆ ಕಚೇರಿ ಕೊಲೆಯಲ್ಲೂ ಒಬ್ಬ ಹೀಗೇ ಹೊರಗೆ ನಿಂತಿದ್ದೆ ಅಂದಿದ್ದನಂತೆ, ಅವನೂ ತಪ್ಪಿಸಿಕೊಳ್ಳಲಿಲ್ಲ.

"ವಾದ ಚೆನ್ನಾಗಿದೆ, ಕೇಸು ಸೋತಿದೆ" ಅಂತ ತೀರ್ಪು ಕೊಟ್ಟರು. ಮೊದಲರ್ಧವನ್ನು ನನ್ನ ಜೂನಿಯರ್‌ಗಳಿಗೆ ಆಗಾಗ ಹೇಳುತ್ತಿರುತ್ತೇನೆ. ಶಿಕ್ಷೆ ಏನಪ್ಪಾ ಅಂದರೆ ಯಾವ್ಯಾವುದು ಅಪರಾಧವಲ್ಲ ಅಂತ ಹೇಳೋ 76ರಿಂದ 106ರವರೆಗಿನ ಎಲ್ಲ ಸೆಕ್ಷನ್ ಕೈಯಲ್ಲಿ ಬರೆಯೋದು, ವಕೀಲನೂ ಸೇರಿ! ಯಜಮಾನರಿಗೆ ಮೇಷ್ಟ್ರು ತಮ್ಮ ಜೇಬಿನಿಂದ ದುಡ್ಡು ಕೊಟ್ಟಿದ್ದು ನಮಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 84 ಈಗ 22 ಆಗಿದೆ, ಕಳ್ಳತನದ 378 ಈಗ 303. ಈಗಿನ ಹುಡುಗರು ಈ ಪಟ್ಟಿಯನ್ನು ಫಟಾಫಟ್ ಒಪ್ಪಿಸುತ್ತಾರೆ. ಬೇರೆಯವರ ಕೊಡೆಯನ್ನು ತನ್ನದೇ ಅಂದುಕೊಂಡು ತಗೊಂಡು ಹೋದವನು ಕಳ್ಳ ಯಾಕಲ್ಲ ಅಂತ ಕೇಳಿ ನೋಡಿ, ಮೊಬೈಲ್ ತೆಗೆಯುತ್ತಾರೆ. ಅವರನ್ನು ಅಂದು ಏನು ಪ್ರಯೋಜನ, ಪರೀಕ್ಷೆಯಲ್ಲಿ ಕೇಳೋದೇ ನಂಬರು.

ಕಾಲೇಜಿನವರಿಗೆ ಒಂದು ಮನವಿ. ಮೇಷ್ಟ್ರ ಫೋಟೋಗೆ ಹಾರ ಹಾಕಿ ಭಾಷಣ ಮಾಡಿಸೋ ಬದಲು ವರ್ಷಕ್ಕೊಮ್ಮೆ ಕ್ಲಾಸಿನಲ್ಲೇ ಇಂಥ ಕೋರ್ಟ್ ನಡೆಸಿ. ಜಡ್ಜ್ ಆಗೋಕೆ ನಾನು ತಯಾರಿದ್ದೇನೆ, ಎಳನೀರಿನ ಖರ್ಚೂ ನನ್ನದೇ.